ಕೊರೆವ ಚಳಿಯಲ್ಲಿ ಹಾಯಿ ಬಿಚ್ಚುವವರು

‘ಡಿಂಗಿ’ ಎಂಬ ಮಾತು ಇಂಗ್ಲಿಷ್ ನಿಘಂಟನ್ನು ಸೇರಿದ್ದು ನಮ್ಮ ದೇಶದಿಂದ. ಹಿಂದಿ ಮತ್ತು ಬಂಗಾಳಿ ಮಾತನಾಡುವ ಸೀಮೆಗಳಲ್ಲಿ ಹೊಳೆ ದಾಟಿಸುವ ಸಣ್ಣ ದೋಣಿಗೆ ಇದ್ದ ಹೆಸರು ಅದು. ಹಡಗುಗಳ ಜೊತೆ ಇಂಗ್ಲೆಂಡಿಗೆ ಹೋದ ಆ ಪದ ಅಲ್ಲಿ ಬೇರೊಂದು ಬಾಳನ್ನು ಕಂಡುಕೊಂಡಿತು. ಇಂದು ಬ್ರಿಟನ್ನಿನಲ್ಲಿ ಡಿಂಗಿ ಸೇಲಿಂಗ್ ಎಂದರೆ ಮೂರರಿಂದ ಐದು ಮೀಟರ್ ಉದ್ದದ, ಎಂಜಿನ್ ಇಲ್ಲದ, ಒಬ್ಬರೋ ಇಬ್ಬರೋ ಕೂತು ನಡೆಸುವ ಹಾಯಿದೋಣಿಯ ಆಟ. ಶ್ರೀಮಂತರ ವಿಹಾರನೌಕೆಗಳಿಗೂ ಇದಕ್ಕೂ ಬಹಳ ದೂರ. ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ, ಇಬ್ಬರು ಎತ್ತಿ ನೀರಿಗಿಳಿಸಬಹುದಾದ ದೋಣಿ ಇದು. ಗಾಳಿ ಜೋರಾದರೆ ಮಗುಚಿಕೊಳ್ಳುವುದೂ ಇದರ ಸ್ವಭಾವವೇ.

ಬೇಸಿಗೆಯಲ್ಲಿ ಇಂಥ ಆಟ ಆಡುವುದು ಯಾರಿಗೂ ಅರ್ಥವಾಗುತ್ತದೆ. ಆದರೆ ಡಿಸೆಂಬರಿನಲ್ಲಿ? ಲಂಡನ್ನಿನಲ್ಲಿ ಆಗ ಹಗಲು ಎಂಟು ಗಂಟೆಗೂ ಕಡಿಮೆ. ಮಧ್ಯಾಹ್ನ ನಾಲ್ಕು ಹೊಡೆಯುವ ಮುನ್ನವೇ ಸೂರ್ಯ ಮುಳುಗಿರುತ್ತಾನೆ. ಜಲಾಶಯಗಳ ನೀರು ನಾಲ್ಕೈದು ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿರುತ್ತದೆ. ಇಂಥ ಭಾನುವಾರಗಳಲ್ಲಿ, ಅದರಲ್ಲೂ ಕ್ರಿಸ್‌ಮಸ್ಸಿನ ಮರುದಿನ, ಇಡೀ ದೇಶ ಹೊದಿಕೆಯೊಳಗೆ ಮುದುರಿಕೊಂಡಿರುವಾಗ, ದೇಶದ ಹತ್ತಾರು ಜಲಾಶಯಗಳ ದಂಡೆಯಲ್ಲಿ ಜನ ದೋಣಿಯ ಮೇಲಿನ ಮಂಜಿನ ಪದರವನ್ನು ಕೆರೆದು ತೆಗೆದು ಹಾಯಿ ಏರಿಸುತ್ತಿರುತ್ತಾರೆ. ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಬಂದು ನೆಲೆಸಿದ ನಾನು ಇಂಥದ್ದೊಂದು ಸಣ್ಣ ಕ್ಲಬ್ಬಿನ ಸದಸ್ಯನಾಗಿ ಕೆಲವು ಚಳಿಗಾಲಗಳು ಕಳೆದಿವೆ. ಈ ಹುಚ್ಚಿನ ಹಿಂದೆ ಏನಿದೆ ಎಂದು ಊರಿನವರು ಕೇಳಿದಾಗಲೆಲ್ಲ ‘ಚಳಿಯಲ್ಲಿ ಮಜಾ’ ಎಂದು ಹೇಳಿ ಮುಗಿಸುವುದು ಸುಲಭ. ಅದು ಪೂರ್ತಿ ಉತ್ತರವಲ್ಲ.

ಚಳಿಗೊಂದು ಋತು

ಚಳಿಗಾಲದ ಪಂದ್ಯಗಳಿಗೆ ‘ಫ್ರಾಸ್ಟ್‌ಬೈಟ್’ ಎಂಬ ಹೆಸರು ಅಂಟಿಕೊಂಡದ್ದು ಅಮೆರಿಕದಲ್ಲಿ. ಹಿಮದಲ್ಲಿ ಕೈಕಾಲ ಬೆರಳುಗಳು ಮರಗಟ್ಟಿ ಕೊಳೆಯುವ ಸ್ಥಿತಿಗೆ ವೈದ್ಯರು ಬಳಸುವ ಮಾತು ಅದು. ಆಟಗಾರರು ಅದನ್ನೇ ತಮಾಷೆಗೆ ಬಿರುದಾಗಿಸಿಕೊಂಡರು. 1932ರ ಹೊಸವರ್ಷದ ಮೊದಲ ದಿನಗಳಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಮ್ಯಾನ್‌ಹ್ಯಾಸೆಟ್ ಕೊಲ್ಲಿಯಲ್ಲಿ ಕೆಲವರು ಪುಟ್ಟ ದೋಣಿಗಳನ್ನು ಇಳಿಸಿ ಸ್ಪರ್ಧಿಸಿದ್ದು ಈ ಪದ್ಧತಿಯ ಆರಂಭವೆಂದು ಪ್ರಸಿದ್ಧ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ದೊಡ್ಡ ನೌಕೆಗಳು ದಡಕ್ಕೇರಿ ನಿಂತಿದ್ದವು. ಸಣ್ಣ ದೋಣಿಗೆ ಖರ್ಚು ಕಡಿಮೆ.

ಬ್ರಿಟನ್ನಿನಲ್ಲಿ ಈ ಋತುವನ್ನು ಸಾಧ್ಯವಾಗಿಸಿದ್ದು ಜಲಾಶಯಗಳು. ನಗರಗಳ ಕುಡಿಯುವ ನೀರಿಗೆಂದು ಕಟ್ಟಿದ ಈ ಕೃತಕ ಸರೋವರಗಳ ಅಂಚಿನಲ್ಲಿ, ನೀರಿನ ಸಂಸ್ಥೆಗಳಿಂದ ಗುತ್ತಿಗೆ ಪಡೆದು, ನೂರಾರು ಕ್ಲಬ್ಬುಗಳು ಹುಟ್ಟಿಕೊಂಡವು. ಸಮುದ್ರ ತೀರದ ಅನೇಕ ಕ್ಲಬ್ಬುಗಳು ಅಕ್ಟೋಬರ್ ಹೊತ್ತಿಗೆ ದೋಣಿಗಳನ್ನು ಮೇಲಕ್ಕೆಳೆದು ಬಾಗಿಲು ಹಾಕಿದರೆ, ಒಳನಾಡಿನ ಜಲಾಶಯಗಳು ಆಗಲೇ ಕಳೆಗಟ್ಟುತ್ತವೆ. ಬೇಸಿಗೆಯಲ್ಲಿ ನೀರು ತಗ್ಗಿ, ಪಾಚಿ ಬೆಳೆದು, ಗಾಳಿ ಬಿದ್ದುಹೋಗುವ ಕಡೆಗಳಲ್ಲೂ ಚಳಿಗಾಲದಲ್ಲಿ ನೀರು ತುಂಬಿರುತ್ತದೆ, ಗಾಳಿ ಬಲವಾಗಿರುತ್ತದೆ. ಯಾರ್ಕ್‌ಷೈರಿನ ಗ್ರಿಮ್‌ವಿತ್ ಜಲಾಶಯದಲ್ಲಿ ಕ್ರಿಸ್‌ಮಸ್ ಕಳೆದ ಕೂಡಲೇ ನಡೆಯುವ ‘ಬ್ರಾಸ್ ಮಂಕಿ’, ಹೀಥ್ರೋ ವಿಮಾನ ನಿಲ್ದಾಣದ ಸಮೀಪದ ಕ್ವೀನ್ ಮೇರಿ ಜಲಾಶಯದಲ್ಲಿ ಜನವರಿಯಲ್ಲಿ ನಡೆಯುವ ‘ಬ್ಲಡಿ ಮೇರಿ’, ರಟ್ಲಂಡ್ ವಾಟರಿನ ‘ಟೈಗರ್ ಟ್ರೋಫಿ’ ಈ ಋತುವಿನ ಹೆಸರಾಂತ ಜಾತ್ರೆಗಳು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದು, ಮರುವರ್ಷವೇ ರಸ್ತೆ ಅಪಘಾತದಲ್ಲಿ ತೀರಿಕೊಂಡ ಜಾನ್ ಮೆರಿಕ್ಸ್ ಅವರ ನೆನಪಿನೊಡನೆ ಟೈಗರ್ ಟ್ರೋಫಿ ಬೆಸೆದುಕೊಂಡಿದೆ. ರಟ್ಲಂಡಿನ ನೀರಂಚಿನಲ್ಲಿ ಅರ್ಧ ಹುಗಿದಂತೆ ನಿಂತಿರುವ ನಾರ್ಮಂಟನ್ ಚರ್ಚನ್ನು ಕಂಡ ಕನ್ನಡಿಗರಿಗೆ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ನೆನಪಾಗದೆ ಇರದು. ಎಲ್ಲ ಜಲಾಶಯಗಳ ತಳದಲ್ಲೂ ಯಾರದೋ ಊರಿರುತ್ತದೆ.

ನಿಧಾನದವರಿಗೂ ಗೆಲುವಿನ ಲೆಕ್ಕ

ನನ್ನ ಕ್ಲಬ್ಬಿನ ಸಾಲಿನಲ್ಲಿ ನಿಂತಿರುವ ದೋಣಿಗಳು ಒಂದೇ ಬಗೆಯವಲ್ಲ. ಕೆಂಪು ಹಾಯಿಯ ಮಿರರ್, ನೀಲಿ ಹಾಯಿಯ ಎಂಟರ್‌ಪ್ರೈಸ್, ಒಬ್ಬರೇ ನಡೆಸುವ ಲೇಸರ್, ಮಕ್ಕಳ ಟಾಪರ್ ಎಲ್ಲವೂ ಇವೆ. ಇವುಗಳ ಹಿಂದೆ ಸಾಮಾಜಿಕ ಇತಿಹಾಸವೊಂದಿದೆ. ಎರಡನೇ ಮಹಾಯುದ್ಧದ ನಂತರ ಪ್ಲೈವುಡ್ ಮತ್ತು ಹೊಸ ಬಗೆಯ ಅಂಟುಗಳು ಅಗ್ಗವಾಗಿ ದೊರೆತಾಗ, ಜ್ಯಾಕ್ ಹೋಲ್ಟ್ ಎಂಬ ವಿನ್ಯಾಸಕಾರ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ದೋಣಿಗಳ ನಕ್ಷೆಗಳನ್ನು ರೂಪಿಸಿದರು. ‘ನ್ಯೂಸ್ ಕ್ರಾನಿಕಲ್’ ಪತ್ರಿಕೆ 1956ರಲ್ಲಿ ಎಂಟರ್‌ಪ್ರೈಸ್ ದೋಣಿಯನ್ನು ಜನರ ಮುಂದಿಟ್ಟಿತು. ಅದರ ಪ್ರಚಾರಕ್ಕೆಂದು ನಡುಚಳಿಗಾಲದ ರಾತ್ರಿ ಎರಡು ದೋಣಿಗಳು ಇಂಗ್ಲಿಷ್ ಕಡಲ್ಗಾಲುವೆಯನ್ನೇ ದಾಟಿದವು. ಅರವತ್ತರ ದಶಕದ ಆರಂಭದಲ್ಲಿ ‘ಡೈಲಿ ಮಿರರ್’ ಪತ್ರಿಕೆ ಹೋಲ್ಟ್ ಮತ್ತು ಟೆಲಿವಿಷನ್ನಿನ ಮನೆಗೆಲಸ ತಜ್ಞ ಬ್ಯಾರಿ ಬಕ್‌ನೆಲ್ ಅವರಿಂದ ಮಿರರ್ ದೋಣಿಯನ್ನು ಮಾಡಿಸಿತು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಅಂಟು ಬಳಿದರೆ ದೋಣಿ ಸಿದ್ಧ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಿರರ್‌ಗಳು ತಯಾರಾದವು. ಕಾರ್ಖಾನೆ ಕಾರ್ಮಿಕರೂ ಶಾಲಾ ಶಿಕ್ಷಕರೂ ಗ್ಯಾರೇಜುಗಳಲ್ಲಿ ದೋಣಿ ಕಟ್ಟಿದ ಕಾಲ ಅದು.

ಇಷ್ಟು ಬಗೆಯ ದೋಣಿಗಳು ಒಟ್ಟಿಗೆ ಸ್ಪರ್ಧಿಸಿದರೆ ಗೆದ್ದವರು ಯಾರೆಂದು ಹೇಗೆ ಹೇಳುವುದು? ಇದಕ್ಕೆ ಬ್ರಿಟಿಷರು ಕಂಡುಕೊಂಡ ಉಪಾಯ ‘ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್’. ಪ್ರತಿಯೊಂದು ಬಗೆಯ ದೋಣಿಗೂ ಅದರ ವೇಗವನ್ನು ಸೂಚಿಸುವ ಒಂದು ಸಂಖ್ಯೆ. ಲೇಸರ್‌ಗೆ ಸುಮಾರು 1100, ಮಿರರ್‌ಗೆ ಸುಮಾರು 1390. ದೋಣಿ ತೆಗೆದುಕೊಂಡ ಸಮಯವನ್ನು ಈ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ತಿದ್ದಿದ ಸಮಯ ಬರುತ್ತದೆ. ಲೇಸರ್ 44 ನಿಮಿಷದಲ್ಲಿ ಗುರಿ ಮುಟ್ಟಿದರೆ ಅದರ ಲೆಕ್ಕ 40 ನಿಮಿಷ. ಅದೇ ದಾರಿಯನ್ನು 55 ನಿಮಿಷದಲ್ಲಿ ಮುಗಿಸಿದ ಮಿರರ್‌ನ ಲೆಕ್ಕ 40ಕ್ಕಿಂತ ತುಸು ಕಡಿಮೆ. ಹನ್ನೊಂದು ನಿಮಿಷ ತಡವಾಗಿ ಬಂದ ಮಿರರ್ ಗೆಲ್ಲುತ್ತದೆ.

ಹಬ್ಬದ ಪಂದ್ಯಗಳಲ್ಲಿ ಇದೇ ಲೆಕ್ಕವನ್ನು ತಿರುವುಮುರುವು ಮಾಡುತ್ತಾರೆ. ಅದಕ್ಕೆ ‘ಪರ್ಸ್ಯೂಟ್’ ಎಂದು ಹೆಸರು. ಅತಿ ನಿಧಾನದ ದೋಣಿ ಮೊದಲು ಹೊರಡುತ್ತದೆ. ವೇಗದವು ತಮ್ಮ ತಮ್ಮ ಸಂಖ್ಯೆಗೆ ತಕ್ಕಂತೆ ಕಾದು ಹೊರಡುತ್ತವೆ. ಒಂದೂವರೆ ಗಂಟೆಯ ಪಂದ್ಯದಲ್ಲಿ ಮಿರರ್ ಹೊರಟ ಮೇಲೆ ಲೇಸರ್ ಸುಮಾರು 19 ನಿಮಿಷ ದಡದ ಬಳಿ ಚಳಿಗೆ ನಡುಗುತ್ತ ಸುತ್ತಬೇಕು. ಕೊನೆಯ ಕಹಳೆ ಊದಿದಾಗ ಯಾರು ಮುಂದಿದ್ದಾರೋ ಅವರೇ ವಿಜೇತರು. ಲೆಕ್ಕಪತ್ರ ಬೇಡ, ಕಾಯುವುದು ಬೇಡ. ದಡದಲ್ಲಿ ನಿಂತ ಅಜ್ಜಿಗೂ ಗೆದ್ದವರು ಕಾಣುತ್ತಾರೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಾತನೊಡನೆ ಹಳೆಯ ಮಿರರ್‌ನಲ್ಲಿ ಒಂದು ಗಂಟೆ ಎಲ್ಲರಿಗಿಂತ ಮುಂದಿದ್ದದ್ದನ್ನು ನಾನು ಹಿಂದಿನಿಂದ ಅಟ್ಟುತ್ತಲೇ ನೋಡಿದ್ದೇನೆ. ಅವಳನ್ನು ಯಾರೂ ಕರುಣೆಯಿಂದ ಮುಂದೆ ಬಿಟ್ಟಿರಲಿಲ್ಲ. ದೋಣಿಗಳು ಸಮಾನವಲ್ಲ ಎಂಬುದನ್ನು ಒಪ್ಪಿಕೊಂಡು, ಆ ಅಸಮಾನತೆಯನ್ನು ಅಳೆದು, ಅದಕ್ಕೆ ತಕ್ಕಂತೆ ಹೊರಡುವ ಗೆರೆಯನ್ನು ಸರಿಸುವ ವ್ಯವಸ್ಥೆ ಇದು. ಆ ಸಂಖ್ಯೆಗಳೂ ಶಿಲಾಶಾಸನವಲ್ಲ. ದೇಶದ ಕ್ಲಬ್ಬುಗಳು ಕಳಿಸುವ ಫಲಿತಾಂಶಗಳನ್ನು ನೋಡಿ ಅವುಗಳನ್ನು ಆಗಾಗ ಪರಿಷ್ಕರಿಸುತ್ತಾರೆ. ಮೀಸಲಾತಿ, ಅರ್ಹತೆ ಎಂಬ ಮಾತುಗಳು ಬಂದೊಡನೆ ದನಿಯೇರಿಸುವ ನಮ್ಮಂಥವರು ಈ ಸರಳ ಅಂಕಗಣಿತವನ್ನು ಒಮ್ಮೆ ಕೂತು ನೋಡಬಹುದು.

ತೀರ್ಪುಗಾರನಿಲ್ಲದ ಆಟ

ಕ್ರಿಕೆಟ್ ನೋಡಿ ಬೆಳೆದ ನನಗೆ ಇಲ್ಲಿ ಮೊದಲು ವಿಚಿತ್ರವೆನಿಸಿದ್ದು ನೀರಿನ ಮೇಲೆ ಅಂಪೈರ್ ಇಲ್ಲದಿರುವುದು. ಐದು ನಿಮಿಷ, ನಾಲ್ಕು ನಿಮಿಷ, ಒಂದು ನಿಮಿಷ ಎಂದು ಬಾವುಟ ಏರಿಳಿಸಿ, ಕಹಳೆ ಊದಿ ಪಂದ್ಯ ಆರಂಭಿಸುವ ಅಧಿಕಾರಿಯೊಬ್ಬರು ಇರುತ್ತಾರೆ, ನಿಜ. ಆದರೆ ದೋಣಿ ದೋಣಿಗೆ ಅಡ್ಡ ಬಂದಾಗ ತಪ್ಪು ಯಾರದೆಂದು ಹೇಳುವವರು ಯಾರೂ ಇಲ್ಲ. ನಿಯಮ ಮೀರಿದವರು ತಾವಾಗಿಯೇ ದೋಣಿಯನ್ನು ಎರಡು ಸುತ್ತು ಸುತ್ತಿಸಿ ದಂಡ ತೆರಬೇಕು. ಗುರುತಿನ ಬುರುಡೆಯನ್ನು ಮುಟ್ಟಿದರೆ ಒಂದು ಸುತ್ತು. ಯಾರೂ ಕಾಣದ ಮೂಲೆಯಲ್ಲಿ ಬುರುಡೆಗೆ ದೋಣಿ ತಗುಲಿಸಿದವರು ತಾವಾಗಿಯೇ ಸುತ್ತುಹಾಕಿ, ಮೂರು ಸ್ಥಾನ ಕಳೆದುಕೊಂಡು, ಮುಂದಕ್ಕೆ ಹೋಗುವುದು ಇಲ್ಲಿ ಸುದ್ದಿಯೇ ಅಲ್ಲ.

ಈ ಆಟದ ನಿಯಮಪುಸ್ತಕದ ಮೊದಲನೆಯ ನಿಯಮ ವೇಗದ ಕುರಿತದ್ದಲ್ಲ. ಅಪಾಯದಲ್ಲಿರುವ ಯಾರಿಗೇ ಆದರೂ ಸಾಧ್ಯವಾದ ಎಲ್ಲ ನೆರವನ್ನೂ ನೀಡಬೇಕೆಂಬುದು ಅದರ ಸಾರ. 1988ರ ಸೋಲ್ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆ ಪೂಸಾನ್ ಬಳಿಯ ಕಡಲಲ್ಲಿ ನಡೆಯಿತು. ಎರಡನೇ ಸ್ಥಾನದಲ್ಲಿದ್ದ ಕೆನಡಾದ ಲಾರೆನ್ಸ್ ಲೆಮ್ಯೂ ಬಿರುಗಾಳಿಯಲ್ಲಿ ದೋಣಿ ಮಗುಚಿ ನೀರುಪಾಲಾಗಿದ್ದ ಸಿಂಗಪುರದ ಇಬ್ಬರನ್ನು ಕಂಡು, ಪಂದ್ಯದ ದಾರಿ ಬಿಟ್ಟು ಅವರನ್ನು ರಕ್ಷಿಸಿದರು. ತೀರ್ಪುಗಾರರು ಆ ಪಂದ್ಯದಲ್ಲಿ ಅವರಿಗೆ ಎರಡನೇ ಸ್ಥಾನವನ್ನೇ ಕೊಟ್ಟರು. ಪದಕ ಮಾತ್ರ ಬರಲಿಲ್ಲ. ಒಲಿಂಪಿಕ್ ಸಮಿತಿ ಅವರಿಗೆ ಪಿಯರ್ ದ ಕೂಬರ್ತ್ಯಾಂ ಪದಕವನ್ನು ನೀಡಿ ಗೌರವಿಸಿತು. ನಾಲ್ಕು ಡಿಗ್ರಿಯ ನೀರಿನಲ್ಲಿ ಈ ನಿಯಮದ ಅರ್ಥ ಪಾಠ ಹೇಳದೆಯೇ ತಿಳಿಯುತ್ತದೆ. ಅಷ್ಟು ತಣ್ಣನೆಯ ನೀರಿಗೆ ಬಿದ್ದೊಡನೆ ಉಸಿರು ಹಿಡಿತ ತಪ್ಪುತ್ತದೆ. ಸ್ವಲ್ಪ ಹೊತ್ತಿನಲ್ಲೇ ಬೆರಳುಗಳು ಹಗ್ಗ ಹಿಡಿಯಲಾರದಂತಾಗುತ್ತವೆ. ಆದ್ದರಿಂದಲೇ ರಕ್ಷಣಾ ದೋಣಿ ನೀರಿಗಿಳಿಯದೆ ಪಂದ್ಯವಿಲ್ಲ. ಆ ದೋಣಿಯಲ್ಲಿ ಎರಡು ಗಂಟೆ ಚಳಿಗೆ ಮೈಯೊಡ್ಡಿ ಕೂರುವ ಇಬ್ಬರು ಸಂಬಳದ ನೌಕರರಲ್ಲ. ಆ ವಾರ ಆಟ ಬಿಟ್ಟು ಸರದಿ ಒಪ್ಪಿಸುತ್ತಿರುವ ಸದಸ್ಯರು.

ಅಡುಗೆಮನೆಯ ಸರದಿ

ಈ ಸರದಿಯ ಪಟ್ಟಿಯೇ ಕ್ಲಬ್ಬಿನ ಬೆನ್ನೆಲುಬು. ವರ್ಷಕ್ಕೆ ಕೆಲವು ದಿನ ಪ್ರತಿಯೊಬ್ಬರೂ ದುಡಿಯಲೇಬೇಕು: ಒಂದು ದಿನ ರಕ್ಷಣಾ ದೋಣಿ, ಒಂದು ದಿನ ಬಾವುಟ ಮತ್ತು ಗಡಿಯಾರ, ಒಂದು ದಿನ ಅಡುಗೆಮನೆ. ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರೊಬ್ಬರು ಶೌಚಾಲಯ ತೊಳೆಯುವುದನ್ನೂ, ಕೊಳಾಯಿ ರಿಪೇರಿ ಮಾಡುವವರೊಬ್ಬರು ಪಂದ್ಯದ ಅಧಿಕಾರಿಯಾಗಿ ಅದೇ ವೈದ್ಯರನ್ನು ಅನರ್ಹಗೊಳಿಸುವುದನ್ನೂ ಒಂದೇ ದಿನ ಕಂಡಿದ್ದೇನೆ. ‘ಮೇಷ್ಟ್ರೇ’ ಎಂದು ಕರೆಯಬೇಕೆನ್ನಿಸುವ ಎಂಬತ್ತರ ಹತ್ತಿರದ ನಿವೃತ್ತ ಶಿಕ್ಷಕರನ್ನು ಎಂಟು ವರ್ಷದ ಮಗುವೂ ಹೆಸರು ಹಿಡಿದೇ ಕರೆಯುತ್ತದೆ. ಅದು ನನ್ನ ನಾಲಗೆಗೆ ಇಂದಿಗೂ ಒಗ್ಗಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ಈ ಸರದಿಗೆ ಹಬ್ಬದ ಬಣ್ಣ ಬರುತ್ತದೆ. ಡಿಸೆಂಬರಿನ ಒಂದು ಭಾನುವಾರ ಸಾಂಟಾ ಟೋಪಿ ತೊಟ್ಟು ಪಂದ್ಯ. ಹಾಯಿಗಂಬಕ್ಕೆ ಬಣ್ಣದ ತೋರಣ. ಆಮೇಲೆ ಉದ್ದನೆಯ ಮೇಜುಗಳಲ್ಲಿ ಟರ್ಕಿ ಕೋಳಿ, ಹುರಿದ ಆಲೂಗೆಡ್ಡೆ, ಒಣಹಣ್ಣಿನ ಪುಡ್ಡಿಂಗ್, ಲವಂಗ ಚಕ್ಕೆ ಹಾಕಿ ಬಿಸಿ ಮಾಡಿದ ವೈನ್. ಇಬ್ಬರು ಎರಡು ತುದಿ ಹಿಡಿದೆಳೆದಾಗ ಪಟ್ಟೆಂದು ಸಿಡಿಯುವ ಕ್ರ್ಯಾಕರ್, ಅದರೊಳಗಿನ ಕಾಗದದ ಕಿರೀಟ, ಕಿರೀಟ ತೊಟ್ಟೇ ಊಟ. ಬಹುಮಾನವೂ ತಮಾಷೆಯದೇ: ಗೆದ್ದವರಿಗೆ ಪುಡ್ಡಿಂಗ್, ಅತಿ ಹೆಚ್ಚು ಬಾರಿ ನೀರಿಗೆ ಬಿದ್ದವರಿಗೆ ಟವೆಲ್. ನನ್ನ ಮಡದಿ ಮಾಡಿಕೊಡುವ ಮೆಣಸಿನ ಸಾರಿನ ದೊಡ್ಡ ಫ್ಲಾಸ್ಕಿಗೆ ಈಗ ಮೇಜಿನ ಮೇಲೆ ಕಾಯಂ ಜಾಗವಿದೆ. ನೀರಿನಿಂದ ಮೇಲೆ ಬಂದವರು ಎರಡೂ ಕೈಯಲ್ಲಿ ಲೋಟ ಹಿಡಿದು ಅದನ್ನು ಕುಡಿಯುವುದನ್ನು ನೋಡುವಾಗ ಧನುರ್ಮಾಸದ ಬೆಳಗಿನ ಜಾವ ತಣ್ಣೀರು ಮಿಂದು ಗುಡಿಯಲ್ಲಿ ಬಿಸಿ ಹುಗ್ಗಿಗೆ ಕೈಯೊಡ್ಡುವವರ ನೆನಪಾಗುತ್ತದೆ. ಮೈಯನ್ನು ಚಳಿಗೊಡ್ಡಿದ ಮೇಲಿನ ಬಿಸಿ ತುತ್ತಿಗೆ ಬೇರೆಯದೇ ರುಚಿ. ಕಷ್ಟವನ್ನು ಒಟ್ಟಿಗೆ ಉಂಡವರು ಊಟವನ್ನೂ ಒಟ್ಟಿಗೆ ಉಣ್ಣುತ್ತಾರೆ.

ಡಿಸೆಂಬರ್ 26ರ ಪಂದ್ಯದ ಮಹತ್ವ ತಿಳಿಯಬೇಕಾದರೆ ಇಲ್ಲಿನ ಕ್ರಿಸ್‌ಮಸ್ ತಿಳಿದಿರಬೇಕು. ಅದು ಬೀದಿಯ ಹಬ್ಬವಲ್ಲ, ಮನೆಯೊಳಗಿನ ಹಬ್ಬ. 25ರಂದು ರೈಲಿಲ್ಲ, ಅಂಗಡಿಗಳು ಮುಚ್ಚಿರುತ್ತವೆ, ರಸ್ತೆಗಳಲ್ಲಿ ನರಪಿಳ್ಳೆಯಿಲ್ಲ. ಕುಟುಂಬವಿದ್ದವರಿಗೆ ಅದು ಸಂಭ್ರಮ. ಇಲ್ಲದವರಿಗೆ ವರ್ಷದ ಅತಿ ಉದ್ದದ ದಿನ. ಒಂಟಿತನದ ಸಮಸ್ಯೆಗೆಂದೇ ಬ್ರಿಟನ್ ಸರ್ಕಾರ 2018ರಲ್ಲಿ ಸಚಿವರೊಬ್ಬರನ್ನು ನೇಮಿಸಿತು. ಆ ಸುದ್ದಿ ಓದಿ ನಮ್ಮಲ್ಲಿ ಹಲವರು ನಕ್ಕಿದ್ದುಂಟು. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಹೆಂಡತಿಯನ್ನು ಕಳೆದುಕೊಂಡ ವರ್ಷ ದೋಣಿ ಮಾರಿದರು, ಮಂಡಿನೋವಿನಿಂದ ಆಟ ಬಿಟ್ಟರು. ಸರದಿಯ ಪಟ್ಟಿಯಿಂದ ಮಾತ್ರ ಹೆಸರು ತೆಗೆಸಲಿಲ್ಲ. ಪ್ರತಿ 26ರಂದೂ ಗಡಿಯಾರ ಹಿಡಿದು ಕೂರುವವರು ಅವರೇ. ‘ಮಧ್ಯಾಹ್ನಕ್ಕೆ ಯಾರಾದರೂ ನನಗಾಗಿ ಕಾಯುತ್ತಿರಬೇಕಲ್ಲ’ ಎಂದು ಒಮ್ಮೆ ಹೇಳಿದರು. ಸಚಿವಾಲಯ ಕೊಡಲಾಗದ್ದು ಇದು: ಸಾಂತ್ವನ ಅಲ್ಲ, ಕೆಲಸ. ನೀವು ಬಾರದಿದ್ದರೆ ಪಂದ್ಯ ನಿಲ್ಲುತ್ತದೆ ಎಂಬ ಅಗತ್ಯ. ಕೊರೊನಾದ ಎರಡನೆಯ ಚಳಿಗಾಲದಲ್ಲಿ, 2021ರ ಜನವರಿಯಿಂದ ಮಾರ್ಚ್ ಕೊನೆಯವರೆಗೆ, ಇಂಗ್ಲೆಂಡಿನ ಕ್ಲಬ್ಬುಗಳೆಲ್ಲ ಮುಚ್ಚಿದ್ದವು. ಆಗ ಫೋನ್ ಮಾಡಿ ಹಿರಿಯರನ್ನು ವಿಚಾರಿಸಲು ನಾವು ಬಳಸಿದ್ದು ಅದೇ ಸರದಿಯ ಪಟ್ಟಿಯನ್ನು.

ಬಿರುಕುಗಳು

ಹೀಗೆಂದು ಇದನ್ನು ಸ್ವರ್ಗವೆಂದು ಬಣ್ಣಿಸುವುದು ತಪ್ಪಾದೀತು. ಪ್ಲೈವುಡ್ ದೋಣಿ ಕಟ್ಟಿದ ತಲೆಮಾರು ಎಪ್ಪತ್ತು ದಾಟಿದೆ. ಹಳೆಯ ದೋಣಿ ಈಗಲೂ ಕೆಲವು ನೂರು ಪೌಂಡಿಗೆ ಸಿಕ್ಕೀತು, ಸಿಗದಿರುವುದು ಭಾನುವಾರ. ಎರಡು ಕಡೆ ದುಡಿಯುವ ಯುವ ದಂಪತಿ ಸರದಿಗೆ ಹೆಸರು ಕೊಡಲು ಹಿಂಜರಿಯುತ್ತಾರೆ. ಹಣ ಕೊಡುತ್ತೇವೆ, ಕೆಲಸ ಕೇಳಬೇಡಿ ಎನ್ನುವವರ ಸಂಖ್ಯೆ ಹೆಚ್ಚುತ್ತಿದೆ. ಹಾಗೆ ಮಾಡಿದ ದಿನ ಕ್ಲಬ್ಬು ಅಂಗಡಿಯಾಗುತ್ತದೆ, ಸದಸ್ಯರು ಗಿರಾಕಿಗಳಾಗುತ್ತಾರೆ ಎಂಬ ವಾದ ನಮ್ಮ ವಾರ್ಷಿಕ ಸಭೆಯಲ್ಲಿ ಪ್ರತಿಬಾರಿಯೂ ನಡೆಯುತ್ತದೆ. ಊಟದ ಮೇಜಿನ ಸುತ್ತ ನೋಡಿದರೆ ನನ್ನ ಬಣ್ಣದ ಮುಖಗಳು ಬೆರಳೆಣಿಕೆಯಷ್ಟು. ಬಾಗಿಲನ್ನು ಯಾರೂ ಹಾಕಿಲ್ಲ, ಆದರೆ ಬಾಗಿಲಿದೆ ಎಂಬುದೇ ಹೊರಗಿನವರಿಗೆ ತಿಳಿದಿಲ್ಲ. ನಮ್ಮವರೂ ಮಕ್ಕಳನ್ನು ಗಣಿತದ ಟ್ಯೂಷನ್ನಿಗೆ ಕಳಿಸುವಷ್ಟು ಉತ್ಸಾಹದಿಂದ ನೀರಿಗೆ ಕಳಿಸುವುದಿಲ್ಲ.

ನಮ್ಮ ಕೆರೆಗಳ ಬದಿಯಲ್ಲಿ

ಅದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಊರುಗಳಲ್ಲಿ ಮಕ್ಕಳಿಗೆ ಕೆರೆಯ ಬಗ್ಗೆ ಹೇಳಿಕೊಡುವ ಮೊದಲ ಮಾತು ‘ಅತ್ತ ಹೋಗಬೇಡ’ ಎಂಬುದೇ. ಹಾಯಿದೋಣಿಯ ಆಟ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಾಯಿದೋಣಿ ನಡೆಸುತ್ತ ಬಂದಿದ್ದಾರೆ. ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡಿದವರು. ಚೆನ್ನೈನ ನೇತ್ರಾ ಕುಮನನ್ ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ರೈತರ ಮಗಳು; ಕಡಲಿಲ್ಲದ ಭೋಪಾಲದಲ್ಲಿ ಕಲಿತವರು. ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿ, ಲೆಕ್ಕವಿಲ್ಲದಷ್ಟು ಕೆರೆಗಳು ಇರುವ ನಾಡಿನಲ್ಲಿ ಸಾಮಾನ್ಯ ಮನೆಯ ಹುಡುಗಿಗೆ ಹಾಯಿ ಹಿಡಿಯುವ ಅವಕಾಶ ಇರಬಾರದೇಕೆ?

ನನ್ನ ಕಾಳಜಿ ಪದಕದ್ದಲ್ಲ. ನಮ್ಮ ಜಲಾಶಯದಲ್ಲಿ ನೀಲಿ-ಹಸಿರು ಪಾಚಿ ಕಾಣಿಸಿಕೊಂಡರೆ ಮೊದಲು ಗಮನಿಸುವವರು ದೋಣಿ ನಡೆಸುವವರು. ನೀರಿನ ಸಂಸ್ಥೆಗೆ ಕೂಡಲೇ ಫೋನ್ ಹೋಗುತ್ತದೆ. ವಾರವಾರ ಮುಖ ತೊಳೆಯುವ, ಮಗಳು ಬೀಳಬಹುದಾದ ನೀರು ಅದು. 2016ರಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ, 2017ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದಾಗ, ನಾವು ಬೇಲಿಯ ಹೊರಗೆ ನಿಂತು ಫೋಟೊ ತೆಗೆದೆವು. ಆ ನೀರಿನೊಡನೆ ನಮ್ಮ ಮೈಗೆ ಸಂಬಂಧ ಉಳಿದಿರಲಿಲ್ಲ. ಹಿಂದೆ ಕೆರೆಯ ಹೂಳೆತ್ತುವುದೂ ಊರಿನ ಸರದಿಯ ಕೆಲಸವೇ ಆಗಿತ್ತು. ತೂಬು ನೋಡಿಕೊಳ್ಳುವ ನೀರುಗಂಟಿ ಇದ್ದ. ಕೋಡಿ ಬಿದ್ದಾಗ ಗಂಗೆಗೆ ಬಾಗಿನ ಕೊಟ್ಟು ಊರೆಲ್ಲ ಊಟ ಮಾಡುತ್ತಿತ್ತು. ಕೆಲಸ, ಕಾವಲು, ಹಬ್ಬ ಮೂರೂ ಒಂದೇ ದಂಡೆಯಲ್ಲಿ ನಡೆಯುತ್ತಿದ್ದವು.

ಆದ್ದರಿಂದ ಇಂಗ್ಲೆಂಡಿನಿಂದ ತರಬೇಕಾದದ್ದು ಸಾಂಟಾ ಟೋಪಿಯನ್ನಲ್ಲ, ದೋಣಿಯನ್ನೂ ಅಲ್ಲ. ಕೆರೆಗೆ ಬೇಲಿ ಹಾಕಿ, ನಡೆಯುವ ಪಥ ಕಟ್ಟಿ, ಸಂಜೆ ಆರಕ್ಕೆ ಗೇಟು ಮುಚ್ಚುವುದನ್ನೇ ಅಭಿವೃದ್ಧಿ ಎಂದು ಕರೆಯುವ ಪಾಲಿಕೆಗಳು ಒಂದು ಕೆರೆಯನ್ನಾದರೂ ಪ್ರಯೋಗಕ್ಕೆಂದು ಅದರ ಸುತ್ತಲಿನವರ ಕೈಗೆ ಕೊಟ್ಟು ನೋಡಲಿ. ಈಜು ಕಲಿಸುವವರು, ನೀರು ಪರೀಕ್ಷಿಸುವವರು, ರಕ್ಷಣೆಗೆ ನಿಲ್ಲುವವರು, ಅಡುಗೆ ಮಾಡುವವರು ಎಂದು ಗೇಟಿನ ಬಳಿ ಒಂದು ಪಟ್ಟಿ ತೂಗುಹಾಕಲಿ. ಅದರಲ್ಲಿ ಅಧಿಕಾರಿಯ ಹೆಸರೂ ಇರಲಿ, ಹೂ ಮಾರುವವರ ಹೆಸರೂ ಇರಲಿ. ಪಟ್ಟಿ ತುಂಬಲು ಕೆಲವು ವರ್ಷ ಹಿಡಿದೀತು. ನಿಧಾನದ ದೋಣಿಯನ್ನು ಮೊದಲು ಹೊರಡಿಸಬೇಕೆಂಬ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ. ತಡಮಾಡುವಷ್ಟು ಸಮಯ ನಮ್ಮ ಕೆರೆಗಳಿಗಿಲ್ಲ.